ಫೋಟೋಗೆ ಯಾವ ಕನ್ನಡಿ ಟೆಲಿಸ್ಕೋಪ್? ನ್ಯೂಟೋನಿಯನ್, ಆರ್‌ಸಿ, ಎಸ್‌ಸಿಟಿ: ಯಾರಿಗೆ ಯಾವುದು

ನನ್ನ ಮೊದಲ ಟೆಲಿಸ್ಕೋಪ್ 8 ಇಂಚಿನ ಡಾಬ್ಸೋನಿಯನ್, ಅಂದರೆ ಪೆಟ್ಟಿಗೆಯಂಥ ಪೀಠದ ಮೇಲೆ ಕೂತು ಕೈಯಲ್ಲಿ ತಳ್ಳಿ ತಿರುಗಿಸೋ ನ್ಯೂಟೋನಿಯನ್. ಕಣ್ಣಿಟ್ಟು ನೋಡಿದರೆ ಶನಿಯ ಬಳೆ ಕೊರೆದಿಟ್ಟ ಹಾಗೆ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕಾಣೋದನ್ನು ಫೋಟೋ ತೆಗೆಯೋಕೆ ಏನು ಮಹಾ ಕಷ್ಟ ಅಂದುಕೊಂಡು ಒಂದು ರಾತ್ರಿ ಡಿಎಸ್‌ಎಲ್‌ಆರ್ ಸಿಕ್ಕಿಸಿ ಚಂದ್ರನ ಕಡೆ ತಿರುಗಿಸಿದೆ. ಪರದೆಯ ತುಂಬಾ ಬಿಳಿ ಮಬ್ಬು. ಬಿಂಬ ಚೂಪಾಗಲು ಕ್ಯಾಮೆರಾವನ್ನು ಒಳಗೆ ಹೊರಗೆ ಜರುಗಿಸೋ ಫೋಕಸರ್ ತಿರುಗಿಸುತ್ತಾ ಹೋದೆ. ಮಬ್ಬು ಚಿಕ್ಕದಾಗುತ್ತಾ ಬಂತು. ಇನ್ನೇನು ಚಂದ್ರ ಮೂಡಿದ ಅನ್ನುವಷ್ಟರಲ್ಲಿ ಫೋಕಸರ್ ಕೊನೆ ಮುಟ್ಟಿ ಟಕ್ ಅಂತ ನಿಂತಿತು. ಕ್ಯಾಮೆರಾ ಇನ್ನೂ ಎರಡು ಸೆಂಟಿಮೀಟರ್ ಒಳಗೆ ಹೋಗಬೇಕಿತ್ತು. ಜಾಗ ಇರಲಿಲ್ಲ.

ಟೆಲಿಸ್ಕೋಪಿನಲ್ಲಿ ಏನೂ ತಪ್ಪಿರಲಿಲ್ಲ. ಅದನ್ನು ಮಾಡಿದ್ದೇ ಕಣ್ಣಿಗೆ ಅಂತ. ಇಂಥ ಟೆಲಿಸ್ಕೋಪಿನಲ್ಲಿ ಬೆಳಕು ಕೂಡೋ ಜಾಗ ಫೋಕಸರಿನ ಬಾಯಿಗೆ ಹತ್ತಿರದಲ್ಲೇ ಇರುತ್ತದೆ. ಕಣ್ಣಿಡೋ ಲೆನ್ಸಿಗೆ, ಅಂದರೆ ಐಪೀಸಿಗೆ, ಅಷ್ಟು ಸಾಕು. ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ಕೂತಿರೋದು ಬಾಡಿಯ ಬಾಯಿಂದ ಸುಮಾರು 44 ಮಿ.ಮೀ. ಒಳಗೆ. ಅಡಾಪ್ಟರ್ ಸೇರಿದರೆ 55. ಬೆಳಕು ಅಷ್ಟು ದೂರ ಹೊರಗೆ ಬರೋದೇ ಇಲ್ಲ.

ಆಮೇಲೆ ಕೆಲವು ವರ್ಷಗಳಲ್ಲಿ ನಾಲ್ಕು ಬಗೆಯ ಕನ್ನಡಿ ಟೆಲಿಸ್ಕೋಪುಗಳ ಹಿಂದೆ ಕೂತು ರಾತ್ರಿ ಕಳೆದಿದ್ದೇನೆ. ಕೆಲವು ನನ್ನವು, ಕೆಲವು ಗೆಳೆಯರವು. ಎಲ್ಲರೂ ಕೇಳೋ ಮೊದಲ ಪ್ರಶ್ನೆ, ಎಷ್ಟು ಇಂಚಿನದು ತಗೊಳ್ಳಲಿ? ಕಣ್ಣಿನಿಂದ ನೋಡೋರಿಗೆ ಅದು ಸರಿಯಾದ ಪ್ರಶ್ನೆ. ಫೋಟೋ ತೆಗೆಯೋರು ಬೇರೆ ಎರಡು ಕೇಳಬೇಕು. ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಕೂಡೋ ಜಾಗದವರೆಗಿನ ದೂರ, ಎಷ್ಟು? ಟೆಲಿಸ್ಕೋಪನ್ನು ಅಲುಗಾಡದ ಹಾಗೆ ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟ್ ನನ್ನ ಹತ್ತಿರ ಇದೆಯಾ?

ಲೆನ್ಸ್ ಬಿಟ್ಟು ಕನ್ನಡಿ ಯಾಕೆ

ಗಾಜಿನೊಳಗೆ ಹೋದ ಬೆಳಕಿನಲ್ಲಿ ಒಂದೊಂದು ಬಣ್ಣ ಒಂದೊಂದು ಅಳತೆಯಲ್ಲಿ ಬಾಗುತ್ತದೆ. ಸಾಧಾರಣ ಲೆನ್ಸ್ ಟೆಲಿಸ್ಕೋಪಿನಲ್ಲಿ ಪ್ರಕಾಶಮಾನ ನಕ್ಷತ್ರಗಳ ಸುತ್ತ ನೇರಳೆ ಅಂಚು ಬರೋದು ಇದರಿಂದಲೇ. ಕನ್ನಡಿಗೆ ಈ ತಾಪತ್ರಯ ಇಲ್ಲ. ಎಲ್ಲ ಬಣ್ಣವನ್ನೂ ಒಂದೇ ಕಡೆಗೆ ತಿರುಗಿಸುತ್ತದೆ. 1668ರಲ್ಲಿ ನ್ಯೂಟನ್ ಕನ್ನಡಿ ಹಿಡಿದಿದ್ದೂ ಇದೇ ಕಾರಣಕ್ಕೆ. ಇನ್ನೊಂದು ಕಾರಣ ದುಡ್ಡು. ಒಳ್ಳೆಯ ಲೆನ್ಸಿಗೆ ಕೊಡೋ ಹಣದಲ್ಲಿ ಅದಕ್ಕಿಂತ ತುಂಬಾ ಅಗಲವಾದ ಕನ್ನಡಿ ಬರುತ್ತದೆ.

ಮಹಾವ್ಯಾಧ ನೆಬ್ಯುಲಾದ ಮೊದಲ ಫೋಟೋ ಬಂದಿದ್ದು ಲೆನ್ಸಿನಿಂದ. 1880ರಲ್ಲಿ ಹೆನ್ರಿ ಡ್ರೇಪರ್ 11 ಇಂಚಿನ ಲೆನ್ಸ್ ಟೆಲಿಸ್ಕೋಪಿನಲ್ಲಿ ತೆಗೆದದ್ದು. ಮೂರೇ ವರ್ಷದಲ್ಲಿ, 1883ರಲ್ಲಿ, ಹವ್ಯಾಸಿ ಆಂಡ್ರೂ ಕಾಮನ್ ತನ್ನ 36 ಇಂಚಿನ ಕನ್ನಡಿಯಿಂದ ಅದೇ ನೆಬ್ಯುಲಾ ತೆಗೆದ. ಆ ಫೋಟೋದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು. ಹವ್ಯಾಸಿಗಳು ಕನ್ನಡಿ ಹಿಂದೆ ಬಿದ್ದಿದ್ದು ಇಂದು ನಿನ್ನೆ ಅಲ್ಲ.

ಹಾಗಂತ ಲೆನ್ಸನ್ನು ತಳ್ಳಿಹಾಕೋ ಹಾಗಿಲ್ಲ. 80 ಮಿ.ಮೀ.ನ ಒಳ್ಳೆಯ ಲೆನ್ಸ್ ಟೆಲಿಸ್ಕೋಪ್ ಹಗುರ, ಸಣ್ಣದು, ಡಬ್ಬಿಯಿಂದ ತೆಗೆದು ಇಟ್ಟರೆ ಕೆಲಸ ಶುರು. ಕನ್ನಡಿ ಹಾಗಲ್ಲ, ಆಗಾಗ ಅದರ ಮೈ ಕೈ ಸರಿಮಾಡಬೇಕು. ಸ್ಕ್ರೂ ತಿರುಗಿಸೋದು ಅಂದರೆ ಮೈ ಪರಚಿಕೊಳ್ಳೋ ಸ್ವಭಾವದವರು ಲೆನ್ಸಿಗೇ ಹೋಗಲಿ. ಇದನ್ನು ವ್ಯಂಗ್ಯವಾಗಿ ಹೇಳ್ತಿಲ್ಲ.

ಏನನ್ನು ತೆಗೀತೀರಿ?

ಟೆಲಿಸ್ಕೋಪ್ ಆರಿಸೋ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಚಂದ್ರ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ. 1000 ಮಿ.ಮೀ. ಫೋಕಲ್ ಲೆಂತಿನಲ್ಲಿ ಸೆನ್ಸರಿನ ಮೇಲೆ ಅವನ ಬಿಂಬ 9 ಮಿ.ಮೀ. ಆಗುತ್ತದೆ. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರೋ ಎಪಿಎಸ್-ಸಿ ಸೆನ್ಸರ್ ಸುಮಾರು 23 ಮಿ.ಮೀ. ಉದ್ದ, 15 ಮಿ.ಮೀ. ಅಗಲ. ಆರಾಮಾಗಿ ಕೂರುತ್ತಾನೆ. ಅದೇ ಟೆಲಿಸ್ಕೋಪಿನಲ್ಲಿ ಗುರುಗ್ರಹ ಕಾಲು ಮಿ.ಮೀ. ಕೂಡ ಬರೋದಿಲ್ಲ. ಆಂಡ್ರೊಮಿಡಾ ಗೆಲಾಕ್ಸಿ ಇದಕ್ಕೆ ತದ್ವಿರುದ್ಧ. ಅದರ ಅಗಲ ಸುಮಾರು 3 ಡಿಗ್ರಿ, ಆರು ಚಂದ್ರರನ್ನು ಸಾಲಾಗಿ ಇಟ್ಟ ಹಾಗೆ. 1000 ಮಿ.ಮೀ.ನಲ್ಲಿ ಅದಕ್ಕೆ 52 ಮಿ.ಮೀ. ಬೇಕು. ಫುಲ್‌ಫ್ರೇಮ್ ಸೆನ್ಸರಿನಲ್ಲೂ ಹಿಡಿಸೋದಿಲ್ಲ.

ದೊಡ್ಡ ಟೆಲಿಸ್ಕೋಪ್ ಕೊಂಡು ಆಂಡ್ರೊಮಿಡಾದ ಹೊಟ್ಟೆಯನ್ನಷ್ಟೇ ಫೋಟೋ ತೆಗೆದು ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ಅದಕ್ಕೆ 400 ಮಿ.ಮೀ. ಆಸುಪಾಸಿನ ಲೆನ್ಸೇ ಲಾಯಕ್ಕು. ಮಹಾವ್ಯಾಧ ನೆಬ್ಯುಲಾ, ದೊಡ್ಡ ನಕ್ಷತ್ರಗುಚ್ಛಗಳು, ಸುಮಾರು ಗಾತ್ರದ ಗೆಲಾಕ್ಸಿಗಳು ಬೇಕಾದರೆ 600ರಿಂದ 1000 ಮಿ.ಮೀ. ಉಂಗುರ ನೆಬ್ಯುಲಾದಂಥ ಪುಟಾಣಿಗಳು, ದೂರದ ಗೆಲಾಕ್ಸಿಗಳು ಬೇಕಾದರೆ 1200 ದಾಟಬೇಕು. ಗ್ರಹಗಳಿಗೆ 2000ಕ್ಕಿಂತ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಆದರೆ ಗ್ರಹಗಳ ದಾರಿಯೇ ಬೇರೆ. ಅದಕ್ಕೆ ಆಮೇಲೆ ಬರ್ತೀನಿ.

ಇನ್ನೊಂದು ಲೆಕ್ಕ ಪಿಕ್ಸೆಲ್‌ದು. ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತಗೊಂಡು 206ರಿಂದ ಗುಣಿಸಿ ಫೋಕಲ್ ಲೆಂತಿನಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಹಿಡಿಯುತ್ತದೆ ಅಂತ ಸಿಗುತ್ತದೆ. 3.76 ಮೈಕ್ರಾನ್ ಪಿಕ್ಸೆಲ್, 750 ಮಿ.ಮೀ. ಟೆಲಿಸ್ಕೋಪ್: ಸುಮಾರು 1 ಆರ್ಕ್‌ಸೆಕೆಂಡ್. ಅದೇ ಕ್ಯಾಮೆರಾ 1600 ಮಿ.ಮೀ.ಗೆ ಹಾಕಿದರೆ ಅರ್ಧಕ್ಕಿಂತ ಕಡಿಮೆ. ನಮ್ಮ ತಲೆ ಮೇಲಿನ ಗಾಳಿಯ ಕುಲುಕಾಟವೇ ಸಾಮಾನ್ಯವಾಗಿ ನಕ್ಷತ್ರವನ್ನು 2-3 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿಬಿಡುತ್ತದೆ. ಹಾಗಾಗಿ ಅರ್ಧ ಆರ್ಕ್‌ಸೆಕೆಂಡಿನ ಪಿಕ್ಸೆಲ್‌ನಿಂದ ಹೊಸ ವಿವರ ಏನೂ ಬರೋದಿಲ್ಲ. ಮಬ್ಬನ್ನೇ ದೊಡ್ಡದಾಗಿ ತೋರಿಸಿದ ಹಾಗೆ, ಅಷ್ಟೇ. ಉದ್ದದ ಟೆಲಿಸ್ಕೋಪಿಗೆ ಆಸೆಪಡೋ ಮೊದಲು ಈ ಭಾಗಾಕಾರ ಒಮ್ಮೆ ಮಾಡಿ ನೋಡಿ.

ನ್ಯೂಟೋನಿಯನ್: ಜಾಸ್ತಿ ಜನಕ್ಕೆ ಇದೇ

ಕೊಳವೆಯ ತಳದಲ್ಲಿ ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಓರೆಯಾಗಿ ನಿಂತ ಪುಟ್ಟ ಕನ್ನಡಿ, ಪಕ್ಕದಲ್ಲಿ ಫೋಕಸರ್. ಇಷ್ಟೇ. ಆದರೆ ಒಂದೇ ರೀತಿ ಕಾಣೋ ಎರಡು ನ್ಯೂಟೋನಿಯನ್‌ಗಳಲ್ಲಿ ಒಂದು ಕಣ್ಣಿಗೆ, ಇನ್ನೊಂದು ಕ್ಯಾಮೆರಾಗೆ ಆಗಿರಬಹುದು. ಕ್ಯಾಮೆರಾಗೆ ಮಾಡಿದ್ದರಲ್ಲಿ ದೊಡ್ಡ ಕನ್ನಡಿ ಸ್ವಲ್ಪ ಮುಂದೆ ಕೂತಿರುತ್ತದೆ, ಫೋಕಸರ್ ಗಿಡ್ಡ ಮತ್ತು ಗಟ್ಟಿ, ಪುಟ್ಟ ಕನ್ನಡಿಯೂ ಕೊಂಚ ದೊಡ್ಡದು. ಕೊಳ್ಳುವಾಗ ಕೇಳಬೇಕಾದ ಒಂದೇ ಪ್ರಶ್ನೆ: ಬಾರ್ಲೋ (ಫೋಕಲ್ ಲೆಂತ್ ಹೆಚ್ಚಿಸೋ ಲೆನ್ಸ್) ಇಲ್ಲದೆ ಡಿಎಸ್‌ಎಲ್‌ಆರ್ ಫೋಕಸ್ ಆಗುತ್ತಾ? ಉತ್ತರ ಎಳೆದಾಡಿದರೆ ಆಗೋದಿಲ್ಲ ಅಂತ ಅರ್ಥ.

ಈಗಾಗಲೇ ಕಣ್ಣಿನ ಟೆಲಿಸ್ಕೋಪ್ ಇದ್ದರೆ? 2 ಪಟ್ಟಿನ ಬಾರ್ಲೋ ಹಾಕಿದರೆ ಫೋಕಸ್ ಹೊರಗೆ ಬರುತ್ತದೆ, ಆದರೆ ಫೋಕಲ್ ಲೆಂತ್ ಎರಡರಷ್ಟಾಗುತ್ತದೆ. ಚಂದ್ರನಿಗೆ ಸರಿ, ನೆಬ್ಯುಲಾಗೆ ಕಷ್ಟ. ನಾನು ಮಾಡಿದ್ದು ಬೇರೆ. ದೊಡ್ಡ ಕನ್ನಡಿಯ ಹಿಂದಿನ ಮೂರು ಬೋಲ್ಟ್ ಬಿಚ್ಚಿ, ಉದ್ದದ ಬೋಲ್ಟ್ ಮತ್ತು ಸ್ಪ್ರಿಂಗ್ ಹಾಕಿ ಕನ್ನಡಿಯನ್ನು 25 ಮಿ.ಮೀ. ಮುಂದಕ್ಕೆ ತಂದೆ. ಫೋಕಸ್ ಬಿಂದು ಅಷ್ಟೇ ದೂರ ಹೊರಗೆ ಬಂತು. ಅಂಚುಗಳಲ್ಲಿ ಬೆಳಕು ಒಂಚೂರು ಕಡಿಮೆಯಾಯಿತು, ಚಂದ್ರನ ಫೋಟೋಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಎಫ್/4ಆ, ಎಫ್/5ಆ?

ಫೋಕಲ್ ಲೆಂತನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಎಫ್ ಸಂಖ್ಯೆ. 200 ಮಿ.ಮೀ. ಕನ್ನಡಿ, 800 ಮಿ.ಮೀ. ಫೋಕಲ್ ಲೆಂತ್, ಎಫ್/4. ಸಂಖ್ಯೆ ಸಣ್ಣದಾದಷ್ಟೂ ನೆಬ್ಯುಲಾದ ಬೆಳಕು ಸೆನ್ಸರಿನ ಮೇಲೆ ದಟ್ಟವಾಗಿ ಬೀಳುತ್ತದೆ. ಎಫ್/5ರಲ್ಲಿ ಒಂದೂವರೆ ಗಂಟೆ ಹಿಡಿಯೋದು ಎಫ್/4ರಲ್ಲಿ ಒಂದು ಗಂಟೆಗೇ ಹತ್ತಿರ ಹತ್ತಿರ ಮುಗಿಯುತ್ತದೆ.

ಹಾಗಾದರೆ ಎಫ್/4 ಕಣ್ಣುಮುಚ್ಚಿ ತಗೊಳ್ಳೋದಲ್ವಾ? ಸ್ವಲ್ಪ ತಡೀರಿ. ಎಫ್/4ರಲ್ಲಿ ಫೋಕಸ್ ಸರಿಯಾಗಿ ಕೂರೋ ಜಾಗ 0.04 ಮಿ.ಮೀ. ಮಾತ್ರ. ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ರಾತ್ರಿ ಚಳಿ ಏರಿದ ಹಾಗೆ ಉಕ್ಕಿನ ಕೊಳವೆ ಕುಗ್ಗುತ್ತದೆ, ಫೋಕಸ್ ತಪ್ಪುತ್ತದೆ. ಗಂಟೆಗೊಮ್ಮೆ ಎದ್ದು ನೋಡಬೇಕು, ಇಲ್ಲವೇ ಮೋಟಾರ್ ಫೋಕಸರ್ ಹಾಕಬೇಕು. ಕ್ಯಾಮೆರಾ ಭಾರಕ್ಕೆ ಫೋಕಸರ್ ಕೂದಲೆಳೆಯಷ್ಟು ಜೋತರೂ ಫೋಟೋದ ಒಂದು ಬದಿ ಚೂಪು, ಇನ್ನೊಂದು ಬದಿ ಮಬ್ಬು. ಕನ್ನಡಿ ಹೊಂದಿಸೋದರಲ್ಲೂ ಇದೇ ಗೋಳು. ಎಫ್/5 ಇದಕ್ಕೆ ಹೋಲಿಸಿದರೆ ಸಾಧು ಪ್ರಾಣಿ. ಮೊದಲ ಸಲ ಕೊಳ್ಳೋರಿಗೆ ನಾನು ಯಾವಾಗಲೂ ಹೇಳೋದು 6 ಇಂಚಿನ ಎಫ್/5. ಎಫ್/4ನ್ನು ಎರಡನೇ ಟೆಲಿಸ್ಕೋಪಾಗಿ ತಗೊಳ್ಳಿ.

ಮೂಲೆಯ ಬಾಲಚುಕ್ಕಿಗಳು

ಪ್ಯಾರಾಬೋಲಾ ಆಕಾರದ ಕನ್ನಡಿ ನಟ್ಟನಡುವೆ ಚುಕ್ಕಿಯನ್ನು ಚುಕ್ಕಿಯಾಗಿಯೇ ಮೂಡಿಸುತ್ತದೆ. ನಡುವಿನಿಂದ ದೂರ ಹೋದ ಹಾಗೆ ಚುಕ್ಕಿಗೆ ಬಾಲ ಬೆಳೆಯುತ್ತದೆ. ಇದಕ್ಕೆ ಕೋಮಾ ಅನ್ನುತ್ತಾರೆ. ಮೂಲೆಯ ನಕ್ಷತ್ರಗಳೆಲ್ಲ ಪುಟ್ಟ ಬಾಲಚುಕ್ಕಿಗಳಾಗಿ, ಬಾಲವನ್ನು ಹೊರಗೆ ಚಾಚಿ ಹಾರುತ್ತಿರುತ್ತವೆ. ಎಫ್/8ಕ್ಕಿಂತ ಎಫ್/4ರಲ್ಲಿ ಇದು ನಾಲ್ಕು ಪಟ್ಟು.

ಮದ್ದು ಕೋಮಾ ಕರೆಕ್ಟರ್. ಕ್ಯಾಮೆರಾ ಮುಂದೆ ಕೂರೋ ಲೆನ್ಸುಗಳ ಗುಂಪು. ನ್ಯೂಟೋನಿಯನ್ ಬಜೆಟ್ ಹಾಕುವಾಗ ಇದನ್ನು ಸೇರಿಸಿಯೇ ಹಾಕಿ. ಇಲ್ಲದಿದ್ದರೆ ಫೋಟೋದ ನಡುಭಾಗ ಮಾತ್ರ ಉಳಿಯುತ್ತದೆ. ಹೆಚ್ಚಿನ ಕರೆಕ್ಟರುಗಳು ಸೆನ್ಸರಿನಿಂದ 55 ಮಿ.ಮೀ. ದೂರದಲ್ಲಿ ಇರಬೇಕು ಅಂತ ಕೇಳುತ್ತವೆ. ಒಂದು ಮಿ.ಮೀ. ಹೆಚ್ಚು ಕಮ್ಮಿಯಾದರೂ ಮೂಲೆಯಲ್ಲಿ ಗೊತ್ತಾಗುತ್ತದೆ. ಮಧ್ಯೆ ಫಿಲ್ಟರ್ ಹಾಕಿದರೆ ಅದರ ಗಾಜಿನ ದಪ್ಪದ ಮೂರನೇ ಒಂದು ಭಾಗದಷ್ಟು ದೂರ ಹೆಚ್ಚಿಸಬೇಕು. 2 ಮಿ.ಮೀ. ಫಿಲ್ಟರಿಗೆ 0.7 ಮಿ.ಮೀ. ಪ್ಲಾಸ್ಟಿಕ್ ವಾಷರ್ ಒಂದು ಕಟ್ಟು ಇಟ್ಟುಕೊಂಡಿರಿ, ಉಪಯೋಗಕ್ಕೆ ಬರುತ್ತದೆ.

ಲೇಸರನ್ನು ನಂಬಿ ಕೆಟ್ಟಿದ್ದು

ಕನ್ನಡಿ ಹೊಂದಿಸೋದಕ್ಕೆ ಕಾಲಿಮೇಷನ್ ಅನ್ನುತ್ತಾರೆ. ಹೆಸರು ಕೇಳಿ ಹೆದರೋರು ಜಾಸ್ತಿ, ಕೆಲಸ ಹತ್ತು ನಿಮಿಷದ್ದು. ಫೋಕಸರಿಗೆ ಲೇಸರ್ ಹಾಕಿ, ಪುಟ್ಟ ಕನ್ನಡಿಯ ಸ್ಕ್ರೂಗಳಿಂದ ಕೆಂಪು ಚುಕ್ಕಿಯನ್ನು ದೊಡ್ಡ ಕನ್ನಡಿಯ ನಡುವಿನ ಗುರುತಿಗೆ ತನ್ನಿ. ಆಮೇಲೆ ದೊಡ್ಡ ಕನ್ನಡಿಯ ಸ್ಕ್ರೂ ತಿರುಗಿಸಿ ಚುಕ್ಕಿ ತನ್ನ ತೂತಿಗೇ ವಾಪಸ್ ಬರೋ ಹಾಗೆ ಮಾಡಿ.

ನಾನು ಎರಡು ತಿಂಗಳು ಹೀಗೇ ಮಾಡಿದೆ. ಆದರೂ ಪ್ರತಿ ಫೋಟೋದ ಎಡಬದಿಯ ನಕ್ಷತ್ರಗಳು ಉದ್ದಕ್ಕೆ ಎಳೆದ ಹಾಗೆ. ಮೌಂಟನ್ನು ಬೈದೆ, ಕರೆಕ್ಟರನ್ನು ಬೈದೆ. ಒಂದು ಸಂಜೆ ಲೇಸರನ್ನು ಫೋಕಸರಿನಲ್ಲೇ ಸುಮ್ನೆ ಒಂದು ಸುತ್ತು ತಿರುಗಿಸಿದೆ. ಕೆಂಪು ಚುಕ್ಕಿ ಒಂದೇ ಕಡೆ ನಿಲ್ಲಬೇಕಿತ್ತು, ಆದರೆ ಕನ್ನಡಿಯ ಮೇಲೆ ಬಳೆಯಷ್ಟು ದೊಡ್ಡ ವೃತ್ತ ಬರೆಯಿತು. ಲೇಸರೇ ತನ್ನ ಕವಚದಲ್ಲಿ ಸೊಟ್ಟಗೆ ಕೂತಿತ್ತು. ಹೊಸ ಲೇಸರ್ ಕೊಂಡ ದಿನವೇ ಈ ಪರೀಕ್ಷೆ ಮಾಡಿ. ಕಣ್ಣಿಟ್ಟು ನೋಡಿ ಕನ್ನಡಿ ಹೊಂದಿಸೋ, ಬ್ಯಾಟರಿ ಬೇಡದ ಚೆಷೈರ್ ಐಪೀಸ್ ಇನ್ನೂ ವಾಸಿ, ಸೊಟ್ಟಗಾಗೋಕೆ ಅದರಲ್ಲಿ ಏನೂ ಇಲ್ಲ.

ನ್ಯೂಟೋನಿಯನ್‌ನ ಬೇರೆ ತಂಟೆಗಳೂ ಸಣ್ಣವೇ. ಫೋಕಸರಿನ ಕೊಳವೆ ಒಳಗೆ ಚಾಚಿಕೊಂಡಿದ್ದರೆ ದೊಡ್ಡ ನಕ್ಷತ್ರಗಳ ಒಂದು ಬದಿ ಕಚ್ಚಿ ತೆಗೆದ ಹಾಗೆ ಕಾಣುತ್ತದೆ. ಕೊಳವೆಯ ಹಿಂಬದಿ ತೆರೆದಿರೋದರಿಂದ ಅಲ್ಲಿಂದ ಬೆಳಕು ನುಗ್ಗುತ್ತದೆ. ಬಾಯಿ ಮುಚ್ಚಿ ತೆಗೆಯೋ ನನ್ನ ಡಾರ್ಕ್ ಫ್ರೇಮುಗಳಲ್ಲಿ ಒಂದು ಮೂಲೆ ಮಾತ್ರ ಕೆಂಪಗೆ ಇರುತ್ತಿತ್ತು. ಕಾರಣ ನೆಲದ ಮೇಲೆ ಇಟ್ಟಿದ್ದ ಪವರ್ ಸಪ್ಲೈಯ ಪುಟ್ಟ ಕೆಂಪು ದೀಪ. ಈಗ ಹಿಂಬದಿಗೆ ಕಪ್ಪು ಬಟ್ಟೆಯ ಟೊಪ್ಪಿಗೆ ಹಾಕುತ್ತೇನೆ.

ನಕ್ಷತ್ರಗಳಿಗೆ ನಾಲ್ಕು ಕಿರಣ ಮೂಡೋದು ಪುಟ್ಟ ಕನ್ನಡಿ ಹಿಡಿದಿರೋ ನಾಲ್ಕು ಪಟ್ಟಿಗಳಿಂದ. ಮೂರು ಪಟ್ಟಿ ಇದ್ದರೆ ಆರು ಕಿರಣ. ಕೆಲವರಿಗೆ ಇದು ದೋಷ. ನನಗೆ ಇಷ್ಟ.

ಇದನ್ನು ಮಾತ್ರ ಕೊಳ್ಳಬೇಡಿ

ಗಿಡ್ಡ ಕೊಳವೆ, ಮೇಲೆ ಮಾತ್ರ 1000 ಮಿ.ಮೀ. ಅಂತ ಬರೆದಿರುತ್ತದೆ. 114 ಅಥವಾ 127 ಮಿ.ಮೀ. ಕನ್ನಡಿ. ಅರ್ಧ ಮೀಟರ್ ಉದ್ದದ ನ್ಯೂಟೋನಿಯನ್‌ಗೆ ಒಂದು ಮೀಟರ್ ಫೋಕಲ್ ಲೆಂತ್ ಬರೋದು ಹೇಗೆ? ಫೋಕಸರಿನ ಬುಡದಲ್ಲಿ ಒಂದು ಲೆನ್ಸ್ ಬಚ್ಚಿಟ್ಟಿರುತ್ತಾರೆ. ಬರ್ಡ್-ಜೋನ್ಸ್ ಅನ್ನೋ ವಿನ್ಯಾಸ. ಕನ್ನಡಿ ಪ್ಯಾರಾಬೋಲಾ ಅಲ್ಲ, ಗೋಳಾಕಾರ. ಅದರ ತಪ್ಪು ತಿದ್ದೋಕೆ ಆ ಲೆನ್ಸ್. ಅಗ್ಗದವುಗಳಲ್ಲಿ ಅದು ಸರಿಯಾಗಿ ತಿದ್ದೋದೂ ಇಲ್ಲ, ಲೇಸರ್ ಹಾಕಿ ಕನ್ನಡಿ ಹೊಂದಿಸೋಕೂ ಬಿಡೋದಿಲ್ಲ. ಕೊಳವೆಗಿಂತ ಫೋಕಲ್ ಲೆಂತ್ ಎರಡರಷ್ಟು ಇದ್ದರೆ, ಫೋಕಸರ್ ಪಕ್ಕದಲ್ಲಿದ್ದರೆ, ಕೈ ಮುಗಿದು ಮುಂದೆ ಹೋಗಿ.

ಆರ್‌ಸಿ: ಉದ್ದದ ಆಸೆ ಇರೋರಿಗೆ

ಜಾರ್ಜ್ ರಿಚಿ ಮತ್ತು ಆನ್ರಿ ಕ್ರೆಟಿಯನ್ ಸೇರಿ ಮಾಡಿದ ವಿನ್ಯಾಸ ಇದು, ಇಬ್ಬರ ಹೆಸರೂ ಸೇರಿ ಆರ್‌ಸಿ. ಎರಡು ಕನ್ನಡಿಗಳೂ ಹೈಪರ್‌ಬೋಲಾ ಆಕಾರ. ಕೋಮಾ ಇಲ್ಲ, ಲೆನ್ಸ್ ಇಲ್ಲ. ಬೆಳಕು ದೊಡ್ಡ ಕನ್ನಡಿಯ ನಡುವಿನ ತೂತಿನಿಂದ ಹಿಂದಕ್ಕೆ ಬರುತ್ತದೆ, ಕ್ಯಾಮೆರಾ ಹಿಂದೆ ಕೂರುತ್ತದೆ. ಫೋಕಸ್ ಸಿಗದೇ ಇರೋ ಮಾತೇ ಇಲ್ಲ. ಹಬಲ್ ಟೆಲಿಸ್ಕೋಪ್ ಕೂಡ ಆರ್‌ಸಿಯೇ.

ಹಬಲ್ ಅಂದಾಗ ಅದರ ಕಥೆಯೂ ನೆನಪಾಗುತ್ತದೆ. 2.4 ಮೀಟರ್ ಕನ್ನಡಿಯ ಅಂಚು 2.2 ಮೈಕ್ರಾನ್‌ನಷ್ಟು ಜಾಸ್ತಿ ಸವೆದಿತ್ತು. 1990ರಲ್ಲಿ ಮೇಲೆ ಹೋದ ಮೇಲೆ ಗೊತ್ತಾಯಿತು, 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಮಾಡಿದರು. ಮನೆಯ ಆರ್‌ಸಿ ಕೈಕೊಟ್ಟಾಗ ನಾನು ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ.

ಕೈಕೊಡೋದು ನಿಜ. ನ್ಯೂಟೋನಿಯನ್‌ನಲ್ಲಿ ಹತ್ತು ನಿಮಿಷದ ಕೆಲಸ ಇಲ್ಲಿ ಇಡೀ ಸಂಜೆ ತಿನ್ನುತ್ತದೆ. ಒಂದು ಕನ್ನಡಿ ತಿದ್ದಿದರೆ ಇನ್ನೊಂದು ತಪ್ಪಿರುತ್ತದೆ. ಸಮಾಧಾನ ಏನಂದರೆ ಒಮ್ಮೆ ಸರಿಯಾಗಿ ಕೂತರೆ ಬಹಳ ಕಾಲ ಅಲ್ಲಾಡೋದಿಲ್ಲ. 6 ಇಂಚಿನದು ಎಫ್/9, ಸುಮಾರು 1370 ಮಿ.ಮೀ.; 8 ಇಂಚಿನದು ಎಫ್/8, 1600ರ ಮೇಲೆ. ಪುಟ್ಟ ಕನ್ನಡಿ ಇಲ್ಲಿ ಪುಟ್ಟದೇನಲ್ಲ, ವ್ಯಾಸದಲ್ಲಿ ಅರ್ಧದ ಹತ್ತಿರ ಮುಚ್ಚುತ್ತದೆ. ಕಣ್ಣಿನಿಂದ ನೋಡೋಕೆ, ಗ್ರಹಗಳಿಗೆ ಅಷ್ಟು ಒಪ್ಪೋದಿಲ್ಲ. ಎಫ್/4ರಲ್ಲಿ ಒಂದು ಗಂಟೆಗೆ ಸೆನ್ಸರಿಗೆ ಬೀಳೋ ಬೆಳಕಿಗೆ ಎಫ್/8ರಲ್ಲಿ ನಾಲ್ಕು ಗಂಟೆ ಕಾಯಬೇಕು. ಸಣ್ಣ ಗೆಲಾಕ್ಸಿಗಳ ಹುಚ್ಚು ಹಿಡಿದವರು ಕಾಯುತ್ತಾರೆ. ಬೇರೆಯವರು ಯಾಕೆ ಕಾಯಬೇಕು?

ಎಸ್‌ಸಿಟಿ, ಮ್ಯಾಕ್ ಮತ್ತು ಎಫ್/2ರ ಹುಲಿ

ಷ್ಮಿಟ್-ಕ್ಯಾಸಗ್ರೇನ್, ಅಂದರೆ ಎಸ್‌ಸಿಟಿ, ಬಾಯಲ್ಲಿ ತೆಳು ಗಾಜಿನ ತಟ್ಟೆ ಇರೋ ಗಿಡ್ಡ ಡಬ್ಬಿ. 8 ಇಂಚಿನದರಲ್ಲಿ 2000 ಮಿ.ಮೀ. ಫೋಕಲ್ ಲೆಂತ್ ಎರಡು ಕೈಯಲ್ಲಿ ಅಪ್ಪಿಕೊಳ್ಳುವಷ್ಟು ಜಾಗದಲ್ಲಿ ಮಡಚಿಟ್ಟಿರುತ್ತದೆ. ಗ್ರಹ ಮತ್ತು ಚಂದ್ರನಿಗೆ ಅದ್ಭುತ. ನೆಬ್ಯುಲಾಗಳಿಗೆ ಎಫ್/10 ತುಂಬಾ ನಿಧಾನ, 0.63 ರೆಡ್ಯೂಸರ್ (ಫೋಕಲ್ ಲೆಂತ್ ಕಮ್ಮಿ ಮಾಡೋ ಲೆನ್ಸ್) ಹಾಕಿ ಎಫ್/6.3ಕ್ಕೆ ಇಳಿಸುತ್ತಾರೆ. ಫೋಕಸ್ ಮಾಡಲು ಒಳಗಿನ ದೊಡ್ಡ ಕನ್ನಡಿಯೇ ಜರುಗುತ್ತದೆ. ಟೆಲಿಸ್ಕೋಪ್ ಆಕಾಶದ ಪೂರ್ವದಿಂದ ಪಶ್ಚಿಮಕ್ಕೆ ವಾಲಿದಾಗ ಕನ್ನಡಿಯೂ ಒಂಚೂರು ವಾಲುತ್ತದೆ. ಐದು ನಿಮಿಷದ ಎಕ್ಸ್‌ಪೋಷರಿನಲ್ಲಿ ಅದು ಗೆರೆಯಾಗಿ ಮೂಡುತ್ತದೆ. ಅದಕ್ಕೇ ಇಲ್ಲಿ ಬೇರೆ ಗೈಡ್‌ಸ್ಕೋಪ್ (ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟಿನ ಚಲನೆ ತಿದ್ದೋಕೆ ಇಡೋ ಪುಟ್ಟ ಟೆಲಿಸ್ಕೋಪ್) ಹಾಕದೆ, ಅದೇ ಟೆಲಿಸ್ಕೋಪಿನ ಬೆಳಕಿನಿಂದ ಒಂದು ಚೂರು ಕದ್ದು ಗೈಡ್ ಮಾಡೋ ಆಫ್-ಆಕ್ಸಿಸ್ ಗೈಡರ್ ಹಾಕಬೇಕು. ಆರ್‌ಸಿಗೂ ಇದೇ ಒಳ್ಳೆಯದು.

ಮ್ಯಾಕ್ಸುಟೋವ್ ಇದರ ತಮ್ಮ. ಸಾಮಾನ್ಯವಾಗಿ ಎಫ್/12 ಆಸುಪಾಸು, ಇಲ್ಲವೇ ಅದಕ್ಕೂ ಮೇಲೆ. ಚಂದ್ರ, ಗ್ರಹ, ಅಷ್ಟಕ್ಕೇ.

ಷ್ಮಿಟ್ ಮನೆತನದಲ್ಲೇ ಆರ್‌ಎಎಸ್‌ಎ ಅಂತ ಒಂದಿದೆ. 8 ಇಂಚು, 400 ಮಿ.ಮೀ., ಎಫ್/2. ಪುಟ್ಟ ಕನ್ನಡಿಯೇ ಇಲ್ಲ, ಅದರ ಜಾಗದಲ್ಲಿ ಕ್ಯಾಮೆರಾ ಕೂರುತ್ತದೆ. ಒಂದು ಗಂಟೆಯಲ್ಲಿ ಇದು ಹಿಡಿದದ್ದನ್ನು ಎಫ್/4 ಹಿಡಿಯಲು ನಾಲ್ಕು ಗಂಟೆ ಬೇಕು. ಮೊದಲ ಸಲ ಗೆಳೆಯನ ಪರದೆಯಲ್ಲಿ ಅರ್ಧ ನಿಮಿಷಕ್ಕೆ ನೆಬ್ಯುಲಾ ಮೂಡಿದ್ದು ನೋಡಿ ಹೊಟ್ಟೆ ಉರಿದಿದ್ದು ಸುಳ್ಳಲ್ಲ. ಆದರೆ ಕಣ್ಣಿಟ್ಟು ನೋಡೋಕೆ ಆಗೋದೇ ಇಲ್ಲ. ದಪ್ಪ ಡಿಎಸ್‌ಎಲ್‌ಆರ್ ಇಟ್ಟರೆ ಬೆಳಕಿಗೇ ಅಡ್ಡ. ದುಂಡಗಿನ ಪುಟ್ಟ ಖಗೋಳ ಕ್ಯಾಮೆರಾ ಬೇಕು. ಒಂದೇ ಕಿರಿದಾದ ಬಣ್ಣದ ಪಟ್ಟಿಯನ್ನು ಮಾತ್ರ ಬಿಡೋ ಸಾಮಾನ್ಯ ನ್ಯಾರೋಬ್ಯಾಂಡ್ ಫಿಲ್ಟರುಗಳು ಎಫ್/2ರಲ್ಲಿ ಸರಿಯಾಗಿ ಕೆಲಸ ಮಾಡೋದಿಲ್ಲ, ಅದಕ್ಕಂತಲೇ ಮಾಡಿದ್ದು ಬೇಕು. ಪಳಗಿದ ಮೇಲೆ ಹತ್ತಬೇಕಾದ ಹುಲಿ ಇದು.

ಡಾಬ್ಸೋನಿಯನ್ ಇದ್ದವರು ಮಾರಬೇಡಿ

ಭೂಮಿ ತಿರುಗೋದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. 1200 ಮಿ.ಮೀ. ಡಾಬ್ಸೋನಿಯನ್‌ನಲ್ಲಿ ಸುಮಾರು ಸೆಕೆಂಡಿನ 20ನೇ ಒಂದು ಭಾಗದೊಳಗೇ ನಕ್ಷತ್ರ ಒಂದು ಪಿಕ್ಸೆಲ್ ಸರಿದಿರುತ್ತದೆ. ನೆಬ್ಯುಲಾ ಆಸೆ ಬಿಡಬೇಕು. ಆದರೆ ಹುಣ್ಣಿಮೆ ಚಂದ್ರನಿಗೆ ಎಫ್/6ರಲ್ಲಿ, ಐಎಸ್‌ಒ 200ರಲ್ಲಿ 1/500 ಸೆಕೆಂಡ್ ಸಾಕು. ಯಾವ ಮೋಟಾರೂ ಬೇಡ.

ಗ್ರಹಗಳ ದಾರಿ ಬೇರೆ ಅಂದೆನಲ್ಲ, ಅದು ವಿಡಿಯೋ ದಾರಿ. ಬಾರ್ಲೋ ಹಾಕಿ ಸಾವಿರಾರು ಫ್ರೇಮಿನ ವಿಡಿಯೋ ತೆಗೆದು, ಗಾಳಿ ಸುಮ್ಮನಿದ್ದ ಕ್ಷಣದ ಚೂಪಾದ ಫ್ರೇಮುಗಳನ್ನಷ್ಟೇ ತಂತ್ರಾಂಶದಲ್ಲಿ ಆರಿಸಿ ಒಂದರ ಮೇಲೊಂದು ಪೇರಿಸಬೇಕು. ಎಫ್ ಸಂಖ್ಯೆ ಪಿಕ್ಸೆಲ್ ಗಾತ್ರದ ಐದು ಪಟ್ಟು ಇರಲಿ: 2.9 ಮೈಕ್ರಾನ್ ಪಿಕ್ಸೆಲ್‌ಗೆ ಎಫ್/15ರ ಹತ್ತಿರ. ಎಫ್/5 ಕನ್ನಡಿಗೆ 3 ಪಟ್ಟಿನ ಬಾರ್ಲೋ ಹಾಕಿದರೆ ಸರಿಹೋಯಿತು. ಗುರು ಹತ್ತು ಗಂಟೆಗೂ ಕಡಿಮೆ ಹೊತ್ತಲ್ಲಿ ಒಂದು ಸುತ್ತು ಹಾಕೋದರಿಂದ ಒಂದು ವಿಡಿಯೋ ಎರಡು ಮೂರು ನಿಮಿಷ ದಾಟಬಾರದು. ಡಾಬ್ಸೋನಿಯನ್ ಕೈಯಲ್ಲಿ ತಳ್ಳುತ್ತಾ ಗುರುವನ್ನು ಪರದೆಯ ಈ ಕಡೆಯಿಂದ ಆ ಕಡೆಗೆ ಹಾಯಿಸಿ, ಮತ್ತೆ ತಂದು ಹಾಯಿಸಿ, ಒಳ್ಳೆಯ ಫೋಟೋ ತೆಗೆದವರಿದ್ದಾರೆ. ತಾಳ್ಮೆ ಬೇಕು.

ಮೌಂಟ್ ಮಾತು

ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸೋ ಹಾಗೆ ಎಲ್ಲರೂ ಟೆಲಿಸ್ಕೋಪ್, ಕ್ಯಾಮೆರಾ, ಫಿಲ್ಟರ್ ಎಲ್ಲ ಆರಿಸಿ ಕೊನೆಗೆ ಉಳಿದ ದುಡ್ಡಲ್ಲಿ ಮೌಂಟ್ ನೋಡುತ್ತಾರೆ. ನಾನೂ ಹಾಗೇ ಮಾಡಿದೆ. ಎರಡನೇ ಟೆಲಿಸ್ಕೋಪ್ 8 ಇಂಚಿನ ಎಫ್/5. ಕೊಳವೆ, ಉಂಗುರ, ಕ್ಯಾಮೆರಾ, ಗೈಡ್‌ಸ್ಕೋಪ್ ಸೇರಿ 11 ಕಿಲೋ ದಾಟಿತು. ಮೌಂಟಿನ ಮೇಲೆ ಬರೆದಿದ್ದ ಮಿತಿಯೊಳಗೇ ಇತ್ತು. ಆದರೆ ಅದು ಕಣ್ಣಿನಿಂದ ನೋಡೋರ ಮಿತಿ. ಫೋಟೋಗೆ ಅದರ ಅರ್ಧ, ಹೆಚ್ಚೆಂದರೆ ಮೂರನೇ ಎರಡು ಭಾಗ ಅಂತ ಲೆಕ್ಕ ಹಿಡಿಯಬೇಕು.

ಒಂದು ಮೀಟರ್ ಉದ್ದದ ದಪ್ಪ ಕೊಳವೆ ಗಾಳಿಗೆ ಹಾಯಿಪಟ. ಎಲೆ ಅಲ್ಲಾಡುವಷ್ಟು ಗಾಳಿ ಬಂದರೂ ಗೈಡಿಂಗ್ ಗ್ರಾಫ್ ಗರಗಸದ ಹಲ್ಲಿನಂತೆ ಏಳುತ್ತಿತ್ತು. ಹತ್ತು ಫ್ರೇಮಿನಲ್ಲಿ ನಾಲ್ಕು ಉಳಿದರೆ ಹೆಚ್ಚು. ಕೊನೆಗೆ ಅದನ್ನು ಮಾರಿ, ಅದೇ ಮೌಂಟಿಗೆ 6 ಇಂಚಿನ ಎಫ್/5 ಹಾಕಿದೆ. ಹತ್ತಕ್ಕೆ ಒಂಬತ್ತು ಫ್ರೇಮ್ ಉಳಿಯತೊಡಗಿದವು. ದೊಡ್ಡ ಕನ್ನಡಿ ಹೋದ ಮೇಲೆ ನನ್ನ ಫೋಟೋಗಳು ಚೆನ್ನಾದವು ಅಂದರೆ ಯಾರೂ ನಂಬೋದಿಲ್ಲ.

ನೆಬ್ಯುಲಾ, ಗೆಲಾಕ್ಸಿಗೆ ಈಕ್ವಟೋರಿಯಲ್ ಮೌಂಟೇ ಬೇಕು, ಅಂದರೆ ಧ್ರುವ ನಕ್ಷತ್ರದ ಕಡೆ ವಾಲಿದ ಅಕ್ಷದ ಸುತ್ತ ತಿರುಗೋದು. ಮೇಲೆ-ಕೆಳಗೆ, ಎಡ-ಬಲ ತಿರುಗೋ ಮೌಂಟ್ ನಕ್ಷತ್ರವನ್ನು ಹಿಂಬಾಲಿಸಿದರೂ ಆಕಾಶ ಫ್ರೇಮಿನೊಳಗೇ ಗಿರಕಿ ಹೊಡೆಯುತ್ತದೆ.

ಇಬ್ಬನಿ, ಬಿಸಿ

ಎಸ್‌ಸಿಟಿಯ ಗಾಜಿನ ತಟ್ಟೆ ಬಯಲಿಗೆ ಮುಖ ಕೊಟ್ಟು ನಿಂತಿರುತ್ತದೆ, ತೇವದ ರಾತ್ರಿ ಗಂಟೆಯೊಳಗೇ ಇಬ್ಬನಿ ಹಿಡಿಯುತ್ತದೆ. ಹೀಟರ್ ಪಟ್ಟಿ, ಮುಂದೊಂದು ಉದ್ದದ ಕವಚ ಕಡ್ಡಾಯ. ನ್ಯೂಟೋನಿಯನ್‌ನ ದೊಡ್ಡ ಕನ್ನಡಿ ಬಾವಿಯ ತಳದಲ್ಲಿದ್ದ ಹಾಗೆ, ಬಚಾವ್. ಪುಟ್ಟ ಕನ್ನಡಿ ಮಾತ್ರ ಸರಿರಾತ್ರಿ ಮೇಲೆ ಮಂಕಾಗುತ್ತದೆ. ಮನೆಯಿಂದ ಹೊರಗೆ ತಂದ ಕನ್ನಡಿಯ ಬಿಸಿ ಇಳಿಯಲು ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟರೊಳಗೆ ಧ್ರುವ ನಕ್ಷತ್ರಕ್ಕೆ ಮೌಂಟ್ ಹೊಂದಿಸಿಕೊಳ್ಳಬಹುದು.

ಹಾಗಾದರೆ ಯಾರಿಗೆ ಯಾವುದು

ಮಧ್ಯಮ ಮೌಂಟ್ ಇದೆ, ನೆಬ್ಯುಲಾ ಗೆಲಾಕ್ಸಿ ಎರಡೂ ಬೇಕು, ಸ್ಕ್ರೂ ತಿರುಗಿಸೋಕೆ ಬೇಜಾರಿಲ್ಲ: 6 ಇಂಚಿನ ಎಫ್/5 ಫೋಟೋ ನ್ಯೂಟೋನಿಯನ್, ಜೊತೆಗೆ ಕೋಮಾ ಕರೆಕ್ಟರ್. ಕೈ ಪಳಗಿದೆ, ಗಟ್ಟಿ ಮೌಂಟ್ ಇದೆ: 8 ಇಂಚಿನ ಎಫ್/4. ಪುಟ್ಟ ಗೆಲಾಕ್ಸಿಗಳ ಹುಚ್ಚು, ಕಾಯುವ ತಾಳ್ಮೆ, ಒಳ್ಳೆಯ ಗೈಡಿಂಗ್: ಆರ್‌ಸಿ. ಗ್ರಹ ಮುಖ್ಯ, ಜಾಗ ಕಡಿಮೆ: ಎಸ್‌ಸಿಟಿ. ಚಂದ್ರ ಸಾಕು, ಕಣ್ಣಿಂದ ನೋಡೋದೂ ಬೇಕು: ಡಾಬ್ಸೋನಿಯನ್, ಎರಡನೇ ಯೋಚನೆ ಬೇಡ.

ಕನ್ನಡಿ ಟೆಲಿಸ್ಕೋಪನ್ನು ಸೆಕೆಂಡ್‌ಹ್ಯಾಂಡ್ ತಗೊಳ್ಳೋದು ಒಳ್ಳೆಯ ಯೋಚನೆಯೇ. ನೋಡೋಕೆ ಹೋದಾಗ ಟಾರ್ಚ್ ಬಿಟ್ಟು ಕನ್ನಡಿಯೊಳಗೆ ನೋಡಬೇಡಿ. ಟಾರ್ಚ್ ಬೆಳಕಿನಲ್ಲಿ ಹೊಸ ಕನ್ನಡಿಯೂ ಧೂಳಿನ ಗೂಡಿನಂತೆ ಕಾಣುತ್ತದೆ. ಹಗಲು ಬೆಳಕಿನಲ್ಲಿ ನೋಡಿ. ಧೂಳು ಇದ್ದರೆ ಇರಲಿ, ಫೋಟೋದಲ್ಲಿ ಗೊತ್ತೇ ಆಗೋದಿಲ್ಲ. ಅಂಚಿನಿಂದ ಅಲ್ಯೂಮಿನಿಯಂ ಲೇಪನ ಎದ್ದು ಹಿಂದಿನ ಗಾಜು ಕಾಣುತ್ತಿದ್ದರೆ ಮಾತ್ರ ಹಿಂದೆ ಸರಿಯಿರಿ. ಬಟ್ಟೆಯಿಂದ ಉಜ್ಜಿದ ಗೀರುಗಳು ಸುರುಳಿ ಸುರುಳಿಯಾಗಿ ಇದ್ದರೆ ಮಾರೋರನ್ನು ಎಷ್ಟು ಸಲ ಒರೆಸಿದ್ರಿ ಅಂತ ಕೇಳಿ. ಹೋಗುವಾಗ ಕ್ಯಾಮೆರಾ ಮತ್ತು ಅಡಾಪ್ಟರ್ ಜೊತೆಗೇ ಇರಲಿ, ದೂರದ ಮರವೊಂದಕ್ಕೆ ಫೋಕಸ್ ಮಾಡಿ ನೋಡಿ. ಫೋಕಸರ್ ಇನ್ನೊಂದು ಸೆಂಟಿಮೀಟರ್ ಒಳಗೆ ಹೋಗೋ ಜಾಗ ಉಳಿದಿರಬೇಕು. ಯಾಕಂದರೆ ನಕ್ಷತ್ರಕ್ಕೆ ಮರಕ್ಕಿಂತಲೂ ಇನ್ನಷ್ಟು ಒಳಗೆ ಹೋಗಬೇಕು.